ಹಳೇ ಎಫ್‌ಜೆ45ಕ್ಕೆ ಐದನೇ ಗೇರು, ಪವರ್ ಸ್ಟೀರಿಂಗು: ಒಂದು ವರ್ಷ ಓಡಿಸಿದ ಮೇಲೆ

ನಾಲ್ಕನೇ ಗೇರಿನಲ್ಲಿ 80 ಮುಟ್ಟಿದ ಮೇಲೂ ನನ್ನ ಕೈ ಲಿವರ್ ಬಿಟ್ಟು ಬರುತ್ತಿರಲಿಲ್ಲ. ಇನ್ನೊಂದು ಗೇರ್ ಹಾಕಪ್ಪಾ ಅಂತ ಎಂಜಿನ್ ಕೂಗುತ್ತಿತ್ತು. ಹಾಕೋಕೆ ಗೇರೇ ಇರಲಿಲ್ಲ.

ಗಾಡಿ 1981ರ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ45 ಪಿಕಪ್. ಮೊದಲು ಚಿಕ್ಕಪ್ಪನದು. ಅವರ ಮಂಡಿ ಕ್ಲಚ್ ತುಳಿಯೋಕೆ ಒಲ್ಲೆ ಅಂದ ಮೇಲೆ ನನ್ನ ಪಾಲಿಗೆ ಬಂತು. 4.2 ಲೀಟರಿನ 2ಎಫ್ ಪೆಟ್ರೋಲ್ ಎಂಜಿನ್, ಸಾಲಾಗಿ ಆರು ಸಿಲಿಂಡರ್. ನಾಲ್ಕೂ ಮೂಲೆಗೆ ಲೀಫ್ ಸ್ಪ್ರಿಂಗ್. ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. ಎಚ್42 ಅನ್ನೋ ನಾಲ್ಕು ಗೇರಿನ ಡಬ್ಬ, ಸಾದಾ ಸ್ಟೀರಿಂಗ್. ನಿಂತಲ್ಲೇ ತಿರುಗಿಸಬೇಕಾದರೆ ಸೀಟಿನಿಂದ ಅರ್ಧ ಎದ್ದು, ಭುಜ ಕೊಟ್ಟು ಎಳೆಯಬೇಕು.

ನಾನು ಬದಲಿಸಿದ್ದು ಎರಡು. ಗೇರ್‌ಬಾಕ್ಸ್ ಜಾಗಕ್ಕೆ ಟೊಯೋಟಾದ್ದೇ ಎಚ್55ಎಫ್, ಐದು ಗೇರಿನದು. ಸ್ಟೀರಿಂಗ್ ಜಾಗಕ್ಕೆ ಒಂದು ಪವರ್ ಸ್ಟೀರಿಂಗ್ ಕಿಟ್. ಕಿಟ್ ಯಾರದ್ದು ಅಂತ ಹೇಳಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ವಿಷಯ ಕಿವಿಗೆ ಬಿದ್ದಾಗ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: "ಲೋ, ಕಂಪನಿಯವರು ನಾಲ್ಕು ಕೊಟ್ಟಿದ್ದಾರೆ ಅಂದ್ರೆ ನಾಲ್ಕು ಸಾಕು ಅಂತಲೇ ಅಲ್ವೇನೋ?"

"ಅದೇ ಕಂಪನಿಯವರೇ ಆಮೇಲೆ ಐದು ಕೊಟ್ಟಿದ್ದಾರಲ್ಲ ಚಿಕ್ಕಪ್ಪ," ಅಂದೆ. ಅದಕ್ಕೆ ಉತ್ತರ ಬರಲಿಲ್ಲ.

ಮೊದಲು ಗೇರ್‌ಬಾಕ್ಸ್. ಎಚ್42ರ ಒಂದನೇ ಗೇರ್ 3.555, ಅಂದರೆ ಎಂಜಿನ್ ಅಷ್ಟು ಸುತ್ತು ತಿರುಗಿದರೆ ಡಬ್ಬದಿಂದ ಹೊರಗೆ ಒಂದು ಸುತ್ತು; ನಾಲ್ಕನೇದು ನೇರ 1. ಎಚ್55ಎಫ್‌ನಲ್ಲಿ ಒಂದನೇದು 4.843, ಎರಡು 2.618, ಮೂರು 1.516, ನಾಲ್ಕು ಅದೇ 1, ಐದನೇದು 0.845. ತುಂಬಾ ಜನ ಐದನೇ ಗೇರಿನ ಆಸೆಗೆ ಇದನ್ನು ಹುಡುಕುತ್ತಾರೆ. ಒಂದನೇ ಗೇರನ್ನು ಯಾರೂ ನೋಡಲ್ಲ. ನನಗೆ ದಿನಾ ಕೆಲಸಕ್ಕೆ ಬರುತ್ತಿರೋದು ಅದೇ.

ಲೆಕ್ಕ ಹಾಕಿ ನೋಡಿ. ನನ್ನ ಆಕ್ಸಲಿನ ಗೇರ್ ಅನುಪಾತ 4.11, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚೋ ಡಬ್ಬ) ಲೋ, ಅಂದರೆ ನಿಧಾನದ ಗೇರ್, ಸುಮಾರು 1.96. ಮೊದಲು ಲೋ ಹಾಕಿ ಒಂದನೇ ಗೇರಿನಲ್ಲಿ, ಮೂರನ್ನೂ ಗುಣಿಸಿದರೆ, ಒಟ್ಟು ಸುಮಾರು 28.7 ಸಿಗುತ್ತಿತ್ತು. ಈಗ 39. ಅಂದರೆ ಎಂಜಿನ್ ಐಡಲಿನಲ್ಲಿ ನಿಮಿಷಕ್ಕೆ 650 ಸುತ್ತು ತಿರುಗುತ್ತಿದ್ದರೆ ಗಾಡಿ ಗಂಟೆಗೆ ಎರಡೂವರೆ ಕಿಲೋಮೀಟರ್ ಹೋಗುತ್ತೆ. ಮೊದಲು ಹೆಚ್ಚುಕಮ್ಮಿ ಮೂರೂವರೆ ಇತ್ತು. ಕಾಗದದ ಮೇಲೆ ಇದೇನು ಮಹಾ ಅನ್ನಿಸಬಹುದು. ಕಲ್ಲುಗಳ ಮೇಲೆ ಒಂದೊಂದೇ ಚಕ್ರ ಇಳಿಸುವಾಗ ಗೊತ್ತಾಗುತ್ತೆ. ಮೊದಲು ಬ್ರೇಕ್ ತುಳಿದು ಬಿಟ್ಟು, ತುಳಿದು ಬಿಟ್ಟು ಇಳಿಯುತ್ತಿದ್ದೆ. ಈಗ ಕಾಲನ್ನು ಸುಮ್ನೆ ನೆಲದ ಮೇಲಿಟ್ಟುಕೊಂಡು ಕೂರುತ್ತೇನೆ. ಲೋಡ್ ಹಾಕಿಕೊಂಡು ಏರಿನಲ್ಲಿ ಗಾಡಿ ಎತ್ತುವಾಗ ಹಾಫ್ ಕ್ಲಚ್ಚಿನಲ್ಲಿ ಹಿಡಿದು ಪ್ಲೇಟ್ ಸುಡೋದೂ ನಿಂತಿತು.

ಇನ್ನು ಮೇಲಿನ ತುದಿ. ನನ್ನ 7.50-16 ಟಯರಿಗೆ, 100ರ ವೇಗದಲ್ಲಿ, ನಾಲ್ಕನೇ ಗೇರಿನಲ್ಲಿ ಎಂಜಿನ್ ಸುಮಾರು 2,700 ತಿರುಗುತ್ತೆ. ಐದನೇದರಲ್ಲಿ 2,300ರ ಆಸುಪಾಸು. 80ರಲ್ಲಾದರೆ 2,150 ಇದ್ದದ್ದು 1,800ಕ್ಕೆ ಇಳಿಯುತ್ತೆ. 2ಎಫ್ ಎಂಜಿನ್ನಿನ ಟಾರ್ಕ್ ತುತ್ತತುದಿಗೆ ಬರೋದೂ ಹೆಚ್ಚುಕಮ್ಮಿ ಇದೇ 1,800ರಲ್ಲಿ. ಹಾಗಾಗಿ 80ರಲ್ಲಿ ಐದನೇ ಗೇರ್ ಈ ಎಂಜಿನ್ನಿಗೆ ಅಳತೆ ತೆಗೆದು ಹೊಲಿದ ಅಂಗಿ ಥರ ಕೂರುತ್ತೆ. ಸಣ್ಣ ಏರು ಬಂದರೂ ಗೇರ್ ಇಳಿಸಬೇಕಾಗಿಲ್ಲ. ಪಕ್ಕದಲ್ಲಿ ಕೂತವರ ಹತ್ತಿರ ಕೂಗದೇ ಮಾತಾಡಬಹುದು. ಇದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಮೊದಲು ನಾವು ಇಳಿದ ಮೇಲೂ ಸ್ವಲ್ಪ ಹೊತ್ತು ಕೂಗಿಕೊಂಡೇ ಮಾತಾಡುತ್ತಿದ್ದೆವು.

100ರಲ್ಲಿ ಎದುರು ಗಾಳಿ ಜೋರಾಗಿದ್ದರೆ ಮಾತ್ರ ಐದನೇದು ಎಳೆಯಲ್ಲ. ಈ ಗಾಡಿಯ ಮುಖ ಬೀರುವಿನಂತಿದೆ, ಗೇರ್‌ಬಾಕ್ಸ್ ಏನು ಮಾಡೀತು? ನಾಲ್ಕಕ್ಕೆ ಬನ್ನಿ, ಹಳೇ ಗಾಡಿಯೇ ಸಿಗುತ್ತೆ. ಮೈಲೇಜ್ ಕೇಳುವವರಿಗೆ: ಹೆದ್ದಾರಿಯಲ್ಲಿ ಸ್ವಲ್ಪ ಜಾಸ್ತಿ, ಬೇರೆ ಕಡೆ ಅಷ್ಟೇ. ಮೈಲೇಜಿಗೋಸ್ಕರ ಇದನ್ನು ಮಾಡಿಸಬೇಡಿ.

ಹಾಕಿಸುವಾಗ ಆದದ್ದು ಇಷ್ಟು. ಐದನೇ ಗೇರ್ ಡಬ್ಬದ ಹಿಂಬದಿಗೆ ಸೇರಿಕೊಂಡಿರೋದರಿಂದ ಎಚ್55ಎಫ್ ಉದ್ದ ಜಾಸ್ತಿ. ಟ್ರಾನ್ಸ್‌ಫರ್ ಕೇಸ್ ಅಷ್ಟು ಹಿಂದಕ್ಕೆ ಸರಿಯುತ್ತೆ. ಹಾಗಾಗಿ ಅಲ್ಲಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಆಗಬೇಕು, ಮುಂದಿನದು ಉದ್ದ ಆಗಬೇಕು. ಎಫ್‌ಜೆ45 ಇಟ್ಟುಕೊಂಡವರು ಇಲ್ಲಿ ಪುಣ್ಯವಂತರು. ವೀಲ್ ಬೇಸ್ 2,950 ಮಿಲಿಮೀಟರ್, ಹಿಂದಿನ ಶಾಫ್ಟಿಗೆ ಬೇಕಾದಷ್ಟು ಉದ್ದ ಇದೆ, ಸ್ವಲ್ಪ ಕತ್ತರಿಸಿದರೆ ಏನೂ ಆಗಲ್ಲ. ಅದೇ ಗಿಡ್ಡ ಎಫ್‌ಜೆ40ದಲ್ಲಿ ಇರೋದೇ 2,285. ಅಲ್ಲಿ ಶಾಫ್ಟ್ ಕಡಿದಷ್ಟೂ ಅದರ ಓರೆ ಜಾಸ್ತಿ ಆಗುತ್ತೆ. ಎರಡೂ ಶಾಫ್ಟುಗಳನ್ನು ಲೇತಿಗೆ ಕೊಟ್ಟು, ಬೆಸುಗೆ ಆದ ಮೇಲೆ ಬ್ಯಾಲೆನ್ಸ್ ಮಾಡಿಸಿದೆ. ಎರಡು ತುದಿಯ ಕ್ರಾಸುಗಳ (ಓರೆಯಲ್ಲೂ ಶಾಫ್ಟ್ ತಿರುಗಿಸೋ ಯೂನಿವರ್ಸಲ್ ಜಾಯಿಂಟು) ಕಿವಿ ಒಂದೇ ಸಾಲಿನಲ್ಲಿರಬೇಕು. ಬೆಸುಗೆ ಹಾಕೋ ಮುಂಚೆಯೇ ಸುಣ್ಣದ ಕಡ್ಡಿಯಿಂದ ಗೆರೆ ಎಳೆದುಕೊಂಡು ಹೋಗಿ ಕೊಡಿ, ಆಮೇಲೆ ಜಗಳ ಬೇಡ.

ನಾನು ಎಡವಿದ್ದು ಕ್ಲಚ್ಚಿನಲ್ಲಿ. ಹೊಸ ಪ್ಲೇಟನ್ನೇ ತಂದಿಟ್ಟಿದ್ದೆ, ಹಳೇ ಅಳತೆಯದು. ಡಬ್ಬವನ್ನು ಜಾಕಿ ಮೇಲೆ ಏರಿಸಿ, ಮಲಗಿಕೊಂಡು ಎರಡು ಗಂಟೆ ತಳ್ಳಿದೆವು. ಒಳಗೆ ಹೋಗಲೊಲ್ಲದು. ಕೊನೆಗೆ ಕೆಳಗಿಳಿಸಿ ಹಲ್ಲು ಎಣಿಸಿದರೆ ಪ್ಲೇಟಿನಲ್ಲಿ 10, ಶಾಫ್ಟಿನಲ್ಲಿ 21. ತಳ್ಳಿದ್ದೆಲ್ಲ ದಂಡ. ಎಣಿಸೋಕೆ ಅರ್ಧ ನಿಮಿಷ ಸಾಕಿತ್ತು. ಟ್ರಾನ್ಸ್‌ಫರ್ ಕೇಸಿನ ಒಳಗೆ ಹೋಗೋ ಇನ್‌ಪುಟ್ ಗೇರೂ ಹಳೇದು ನಡೆಯಲ್ಲ, ಹೊಸ ಡಬ್ಬಕ್ಕೆ ಹೊಂದೋದೇ ಬೇಕು. ಅದನ್ನು ಮಾರುವವರು ಜೊತೆಗೇ ಕೊಟ್ಟಿದ್ದರು. ಹೇಗೂ ಬಿಚ್ಚಿದ್ದೀರಲ್ಲ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು, ಪೈಲಟ್ ಬೇರಿಂಗು ಎರಡನ್ನೂ ಬದಲಿಸಿಬಿಡಿ. ಆಯಿಲ್ ಸೋರುತ್ತೆ ಅಂತ ಇಷ್ಟು ಭಾರದ ಡಬ್ಬವನ್ನು ಇನ್ನೊಂದು ಸಲ ಇಳಿಸೋ ಹಾಗಾಗಬಾರದು.

ನೆಲದ ತಗಡಿನಲ್ಲಿ ಟ್ರಾನ್ಸ್‌ಫರ್ ಲಿವರಿನ ತೂತನ್ನು ಹಿಂದಕ್ಕೆ ಕೊರೆಯಬೇಕಾಯಿತು. ಸ್ಪೀಡೋಮೀಟರ್ ಮುಟ್ಟಬೇಕಾಗಿಲ್ಲ. ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುತ್ತೆ, ಅಂದರೆ ಗೇರ್‌ಬಾಕ್ಸ್ ದಾಟಿದ ಮೇಲೆ. ಮುಂದೆ ಎಷ್ಟು ಗೇರ್ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ನನ್ನದು ಮೊದಲೂ ಐದಾರು ಕಿಲೋಮೀಟರ್ ಜಾಸ್ತಿ ತೋರಿಸುತ್ತಿತ್ತು, ಈಗಲೂ ಅಷ್ಟೇ ಸುಳ್ಳು ಹೇಳುತ್ತೆ.

ಗೇರ್ ಬೀಳೋ ರೀತಿ? ಲಾರಿಯದ್ದೇ. ಅವಸರ ಮಾಡಿದರೆ ಎರಡರಿಂದ ಮೂರಕ್ಕೆ ಒಂದು ಸಣ್ಣ ತಡೆ. ತಣ್ಣಗಿರುವಾಗ ಅದು ಜಾಸ್ತಿ. ಅರ್ಧ ಕ್ಷಣ ನ್ಯೂಟ್ರಲಿನಲ್ಲಿ ನಿಲ್ಲಿಸಿ ತಳ್ಳಿದರೆ ಬೆಣ್ಣೆ. ನಾನು ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿದ್ದೇನೆ. ಗೇರ್‌ಬಾಕ್ಸಿಗೆ ಪೂರ್ತಿ ಮಾರ್ಕು. ಏನು ಹೇಳಿದ್ದರೋ ಅದನ್ನೇ ಕೊಟ್ಟಿತು.

ಸ್ಟೀರಿಂಗ್ ಕಥೆ ಅಷ್ಟು ನೇರ ಇಲ್ಲ.

ಈ ಗಾಡಿಯ ಮೂಲ ಏರ್ಪಾಡು ಹೀಗೆ. ಸ್ಟೀರಿಂಗ್ ಬಾಕ್ಸಿನಿಂದ ಒಂದು ರಾಡು ಮುಂದಕ್ಕೆ ಹೋಗುತ್ತೆ. ಚಾಸಿಯ ಅಡ್ಡಪಟ್ಟಿಯಲ್ಲಿ ನಿಂತ ಸೆಂಟರ್ ಆರ್ಮ್ ಅದನ್ನು ಹಿಡಿದು ದಿಕ್ಕು ಬದಲಿಸುತ್ತೆ. ಅಲ್ಲಿಂದ ಇನ್ನೊಂದು ರಾಡು ಚಕ್ರದ ನಕಲಿಗೆ (ನಕಲ್ ಅಂದರೆ ಆಕ್ಸಲಿನ ತುದಿಯಲ್ಲಿ ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗೋ ಗೆಣ್ಣು). ಪ್ರತಿ ರಾಡಿನ ತುದಿಗೂ ಒಂದು ಬಾಲ್, ಸೆಂಟರ್ ಆರ್ಮಿಗೆ ಬುಷ್. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆದರೂ ಎಲ್ಲ ಕೂಡಿ ಸ್ಟೀರಿಂಗಿಗೆ ಬರುವಾಗ ನಾಲ್ಕು ಬೆರಳಗಲ ಪ್ಲೇ, ಅಂದರೆ ಸಡಿಲ, ಆಗುತ್ತೆ. ನನ್ನದರಲ್ಲಿ ಅಷ್ಟಿತ್ತು. ನೇರ ರಸ್ತೆಯಲ್ಲೂ ಹಳೇ ಸಿನಿಮಾದವರ ಥರ ಸ್ಟೀರಿಂಗನ್ನು ಆ ಕಡೆ ಈ ಕಡೆ ಆಡಿಸುತ್ತಲೇ ಇರಬೇಕು.

ಪವರ್ ಕಿಟ್ ಹಾಕಿದರೆ ಬಾಕ್ಸ್ ಚಾಸಿಯ ಮುಂಭಾಗಕ್ಕೆ ಬರುತ್ತೆ. ಸೆಂಟರ್ ಆರ್ಮ್ ಪೂರ್ತಿ ಹೋಗುತ್ತೆ. ಬಾಕ್ಸಿನಿಂದ ಡ್ರ್ಯಾಗ್ ಲಿಂಕ್ ಅನ್ನೋ ಒಂದೇ ರಾಡು ನೇರ ನಕಲಿಗೆ. ಸವೆಯೋ ಜಾಗಗಳು ಕಡಿಮೆ, ಕೈಗೆ ಹಗುರ, ಎರಡು ಕೆಲಸ ಒಂದೇ ಏಟಿಗೆ. ಹೀಗಂದುಕೊಂಡು ತರಿಸಿದೆ.

ಪೆಟ್ಟಿಗೆಯಲ್ಲಿ ಬಂದದ್ದು: ಬಾಕ್ಸ್, ಅದನ್ನು ಕೂರಿಸುವ ದಪ್ಪ ಪ್ಲೇಟ್, ಪಂಪು, ಪಂಪಿನ ಬ್ರಾಕೆಟ್, ಎರಡು ಹೋಸ್, ಸ್ಟೀರಿಂಗ್ ಕಾಲಮ್ಮಿಗೆ ಸೇರಿಸುವ ಜೋಡು ಕ್ರಾಸಿನ ಶಾಫ್ಟ್, ಒಂದು ಪುಟದ ಸೂಚನೆ. ಸೂಚನೆಯಲ್ಲಿದ್ದ ಚಿತ್ರ ಜೆರಾಕ್ಸಿನ ಜೆರಾಕ್ಸು. ಪಂಪಿನ ಬ್ರಾಕೆಟ್ಟಿನ ಎರಡು ತೂತುಗಳು ಎಂಜಿನ್ನಿನ ತೂತಿಗೆ ಮೂರು ಮಿಲಿಮೀಟರ್ ತಪ್ಪು. ಮಾರಿದವರಿಗೆ ಫೋನ್ ಮಾಡಿದರೆ, "ಸ್ವಲ್ಪ ಉಜ್ಜಿಕೊಳ್ಳಿ ಸಾರ್, ಎಲ್ಲರೂ ಹಾಗೇ ಮಾಡ್ತಾರೆ" ಅಂದರು. ಎಲ್ಲರೂ ಉಜ್ಜಿಕೊಳ್ಳುತ್ತಿದ್ದಾರೆ ಅಂತ ಗೊತ್ತಿದ್ದೂ ತೂತನ್ನು ಅಲ್ಲೇ ಕೊರೆಯುತ್ತಾರಲ್ಲ, ಅದಕ್ಕೇನು ಹೇಳೋಣ! ಉಜ್ಜಿದೆ. ಆಮೇಲೆ ಪುಲ್ಲಿ ಸಾಲು ತಪ್ಪಿತು. ಬೆಲ್ಟ್ ಕಿರುಚೋಕೆ ಶುರುವಾಯಿತು. ಪುಲ್ಲಿಗಳ ಮುಖಕ್ಕೆ ಉದ್ದನೆಯ ಸ್ಕೇಲ್ ಇಟ್ಟು ನೋಡಿ, ಬ್ರಾಕೆಟ್ ಹಿಂದೆ ವಾಷರ್ ಕೊಟ್ಟು ಸರಿ ಮಾಡಿದ್ದಾಯಿತು.

ಬಾಕ್ಸ್ ಮಾತ್ರ ಒಳ್ಳೇದು. ಪ್ಲೇಟೂ ಗಟ್ಟಿ. ಚಾಸಿಯ ಒಳಗೆ ಬೋಲ್ಟ್ ಹಾಯುವ ಕಡೆ ಉಕ್ಕಿನ ಕೊಳವೆ ಕೊಟ್ಟಿದ್ದರು, ಇದು ನನಗೆ ಇಷ್ಟವಾಯಿತು. ಚಾಸಿ ಒಳಗೆ ಟೊಳ್ಳು. ಕೊಳವೆ ಇಲ್ಲದೇ ಬೋಲ್ಟ್ ಬಿಗಿದರೆ ತಗಡು ಅದುಮಿಕೊಳ್ಳುತ್ತೆ, ಬಿಗಿ ನಿಲ್ಲಲ್ಲ. ಪವರ್ ಇರೋ ಬಾಕ್ಸ್ ಚಾಸಿಯನ್ನು ಜಗ್ಗುವುದು ಸಣ್ಣ ಬಲದಲ್ಲಲ್ಲ. ಮುಂದಿನ ಚಕ್ರ ಕಲ್ಲಿಗೆ ಸಿಕ್ಕಿಕೊಂಡಾಗ ನೀವು ಸ್ಟೀರಿಂಗ್ ತಿರುಗಿಸಿ, ಇನ್ನೊಬ್ಬರು ಹೊರಗೆ ನಿಂತು ನೋಡಲಿ. ಚಾಸಿಯೇ ಉಸಿರಾಡುತ್ತೆ.

ಮೊದಲ ದಿನ ಓಡಿಸಿದಾಗ ಎರಡು ಕಾಯಿಲೆ ಕಂಡವು. ಒಂದು, ಸ್ಟೀರಿಂಗ್ ತಿರುಗಿಸುತ್ತಾ ಹೋದರೆ ಬಿಗಿ, ಸಡಿಲ, ಬಿಗಿ, ಸಡಿಲ. ಇದು ಸುಲಭದ್ದು. ಕಾಲಮ್ಮಿನ ಶಾಫ್ಟಿನಲ್ಲಿರೋ ಎರಡು ಕ್ರಾಸುಗಳ ಸಾಲು ತಪ್ಪಿತ್ತು. ಒಂದನ್ನು ಬಿಚ್ಚಿ, ಸುತ್ತಿನ ಕಾಲುಭಾಗ ತಿರುಗಿಸಿ ಕೂರಿಸಿದ ಮೇಲೆ ಹೋಯಿತು. ಪ್ರೊಪೆಲ್ಲರ್ ಶಾಫ್ಟಿಗೆ ಗೆರೆ ಎಳೆದುಕೊಂಡು ಹೋದ ಮನುಷ್ಯ ಇಲ್ಲಿ ಮರೆತಿದ್ದ.

ಎರಡನೇದು ತಿಂಗಳುಗಟ್ಟಲೆ ಕಾಡಿತು. ಗಾಡಿ ನೇರ ಹೋಗಲ್ಲ. ಸ್ವಲ್ಪ ಎಡಕ್ಕೆ ಎಳೆದರೆ ಅಲ್ಲೇ ಇರುತ್ತೆ, ವಾಪಸ್ ಬರಲ್ಲ. ಬಲಕ್ಕೆ ಎಳೆದರೆ ಅಲ್ಲೇ. ಮೊದಲು ಪ್ಲೇ ಇದ್ದರೂ ನನ್ನ ಕೈಗೆ ರಸ್ತೆ ಗೊತ್ತಾಗುತ್ತಿತ್ತು. ಈಗ ಪ್ಲೇ ಇಲ್ಲ, ರಸ್ತೆಯೂ ಗೊತ್ತಾಗಲ್ಲ. 60 ದಾಟಿದರೆ ಭಯ. ಕಿಟ್ಟನ್ನೇ ಬೈದೆ. ಬಾಕ್ಸಿನ ಮೇಲಿರೋ ಅಡ್ಜಸ್ಟ್ ಸ್ಕ್ರೂ ಬಿಗಿದೆ. ಅದು ಮಾಡಬಾರದ ಕೆಲಸ. ಬಾಕ್ಸಿನ ನಡುವಿನಲ್ಲಿ ಮೊದಲೇ ಒಂದು ಬಿಗಿ ಜಾಗ ಇಟ್ಟಿರುತ್ತಾರೆ. ಇನ್ನೂ ಬಿಗಿದರೆ ಸ್ಟೀರಿಂಗ್ ವಾಪಸ್ ಬರೋದು ಮತ್ತಷ್ಟು ನಿಧಾನ ಆಗುತ್ತೆ, ಗೇರಿನ ಹಲ್ಲೂ ತಿನ್ನುತ್ತೆ. ಪುಣ್ಯಕ್ಕೆ ಎರಡೇ ದಿನಕ್ಕೆ ಮೊದಲಿನಂತೆ ಸಡಿಲಿಸಿದೆ.

ಕೊನೆಗೆ ಗುಟ್ಟು ಸಿಕ್ಕಿದ್ದು ಚಕ್ರದ ನಕಲಿನಲ್ಲಿ. ಮುಂದಿನ ಆಕ್ಸಲ್ ಜಾಕಿ ಮೇಲಿಟ್ಟು, ರಾಡುಗಳನ್ನೆಲ್ಲ ಬಿಚ್ಚಿ, ಚಕ್ರದ ಹಬ್ಬನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ನೇರ ಇರುವ ಜಾಗಕ್ಕೆ ಬಂದಾಗ ಟಕ್ ಅಂತ ಒಂದು ಗುಂಡಿಗೆ ಬಿದ್ದ ಹಾಗೆ ಕೂರುತ್ತಿತ್ತು. ನಕಲಿನ ಮೇಲೊಂದು ಕೆಳಗೊಂದು ಟ್ರನ್ನಿಯನ್ ಬೇರಿಂಗ್ ಇರುತ್ತೆ. ಇವು ಬೇರೆ ಬೇರಿಂಗುಗಳ ಹಾಗೆ ಪೂರ್ತಿ ಸುತ್ತಲ್ಲ, ಆ ಕಡೆ ಈ ಕಡೆ ಸ್ವಲ್ಪ ಹೊರಳುತ್ತವೆ ಅಷ್ಟೇ. ಗಾಡಿ ಹೆಚ್ಚಿನ ಹೊತ್ತು ನೇರ ಹೋಗೋದರಿಂದ ರೋಲರುಗಳು ಅದೇ ಜಾಗದಲ್ಲಿ ಕೂತು, ಚಕ್ರ ರಸ್ತೆಯ ಗುಂಡಿಗೆ ಬಿದ್ದಾಗಲೆಲ್ಲ ಬಡಿದು ಬಡಿದು, ಬೇರಿಂಗಿನ ಹೊರ ಬಳೆಯ ಮೇಲೆ ಅಚ್ಚು ಮೂಡಿಸಿರುತ್ತವೆ. ಬಿಚ್ಚಿ ಒರೆಸಿ ಬೆಳಕಿಗೆ ಹಿಡಿದೆ. ಸಣ್ಣ ಸಣ್ಣ ಗೆರೆಗಳು, ಬಾಚಣಿಗೆಯನ್ನು ಮೇಣಕ್ಕೆ ಒತ್ತಿದ ಹಾಗೆ, ಉಗುರು ಎಳೆದರೆ ಒಂದೊಂದೂ ತಗಲುತ್ತೆ. ಹಳೇ ಸ್ಟೀರಿಂಗಿನಲ್ಲಿ ಈ ಗುಂಡಿಯಿಂದ ಎಬ್ಬಿಸುತ್ತಿದ್ದದ್ದು ನನ್ನ ಭುಜ. ಅದು ನೋಯುತ್ತಿತ್ತು, ಆದರೆ ನಾನು ಅದನ್ನು ಸಾದಾ ಸ್ಟೀರಿಂಗಿನ ತಪ್ಪು ಅಂದುಕೊಂಡಿದ್ದೆ. ಪವರ್ ಬಂದ ಮೇಲೆ ಎಣ್ಣೆಯ ಒತ್ತಡ ಸದ್ದಿಲ್ಲದೇ ಎಬ್ಬಿಸುತ್ತಿತ್ತು, ಆದರೆ ಚಕ್ರ ತಾನಾಗಿ ವಾಪಸ್ ಬರಲಾರದು.

ನಾಲ್ಕು ಬೇರಿಂಗೂ ಹೊಸದು ಹಾಕಿ, ಶಿಮ್ (ತೆಳು ತಗಡಿನ ಬಿಲ್ಲೆ) ಕೊಟ್ಟು, ಸ್ಟೀರಿಂಗ್ ಆರ್ಮಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಬಿಗಿ ಅಳೆದೆ. ಎಷ್ಟಿರಬೇಕು ಅಂತ ಗಾಡಿಯ ರಿಪೇರಿ ಪುಸ್ತಕದಲ್ಲಿದೆ, ಅದನ್ನೇ ನೋಡಿ. ಎರಡು ಚಕ್ರಗಳನ್ನು ಜೋಡಿಸೋ ಟೈ ರಾಡಿನ ತುದಿಯ ಬಾಲುಗಳನ್ನೂ, ಅಂದರೆ ಟೈ ರಾಡ್ ಎಂಡುಗಳನ್ನೂ, ಬದಲಿಸಿದೆ. ಅರ್ಧ ಕಾಯಿಲೆ ಅಲ್ಲೇ ಹೋಯಿತು.

ಉಳಿದರ್ಧ ಕ್ಯಾಸ್ಟರ್. ಅಂದರೆ ನಕಲ್ ತಿರುಗುವ ಗೆರೆಯ ತಲೆ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದು. ಸೈಕಲಿನ ಮುಂದಿನ ಫೋರ್ಕ್ ನೋಡಿ, ಆ ವಾಲಿಕೆ ಇರೋದರಿಂದಲೇ ಹ್ಯಾಂಡಲ್ ತಾನಾಗಿ ನೇರಕ್ಕೆ ಬರೋದು. ಈ ಗಾಡಿಗಳಿಗೆ ಮೊದಲಿಂದಲೇ ಅದು ಕಡಿಮೆ. ಜಾಸ್ತಿ ಇದ್ದಿದ್ದರೆ ಸಾದಾ ಸ್ಟೀರಿಂಗನ್ನು ತಿರುಗಿಸೋಕೇ ಆಗುತ್ತಿರಲಿಲ್ಲ. ಪವರ್ ಇದ್ದರೆ ಆ ಚಿಂತೆ ಇಲ್ಲ. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಎರಡು ಡಿಗ್ರಿಯ ಉಕ್ಕಿನ ಬೆಣೆ ಹಾಕಿಸಿದೆ. ದಪ್ಪ ತುದಿ ಯಾವ ಕಡೆ ಬರಬೇಕು ಅಂತ ಬೋಲ್ಟ್ ಬಿಗಿಯೋ ಮುಂಚೆ ಎರಡು ಸಲ ಯೋಚಿಸಿ. ಉಲ್ಟಾ ಹಾಕಿದರೆ ಇದ್ದದ್ದೂ ಹೋಗುತ್ತೆ. ಬೆಣೆ ಜಾಸ್ತಿ ಕೊಟ್ಟರೆ ಇಡೀ ಆಕ್ಸಲ್ ಹೊರಳಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಓರೆ ಹೆಚ್ಚುತ್ತೆ, ಅದಕ್ಕೇ ಎರಡಕ್ಕೆ ನಿಲ್ಲಿಸಿದೆ.

ಈಗ ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ನನ್ನ ಅಂಗೈಯೊಳಗೇ ಜಾರಿಕೊಂಡು ನೇರಕ್ಕೆ ಬರುತ್ತೆ. ನಿಂತಲ್ಲಿ ಒಂದು ಕೈಯಲ್ಲಿ ತಿರುಗಿಸಬಹುದು. ಈ ತುದಿಯಿಂದ ಆ ತುದಿಗೆ ಹೆಚ್ಚುಕಮ್ಮಿ ನಾಲ್ಕು ಸುತ್ತು.

ಹಾಗಾದರೆ ಕಿಟ್ಟಿಗೆ ಎಷ್ಟು ಮಾರ್ಕು? ಬಾಕ್ಸಿಗೆ ಒಳ್ಳೇ ಮಾರ್ಕು, ಬ್ರಾಕೆಟ್ಟಿಗೆ ಸೊನ್ನೆ, ಸೂಚನೆಯ ಕಾಗದಕ್ಕೆ ಮೈನಸ್. ಆದರೆ ನಾನು ಕಿಟ್ಟನ್ನು ಬೈದದ್ದರಲ್ಲಿ ಮುಕ್ಕಾಲು ಪಾಲು ನನ್ನ ತಪ್ಪು. ಬೇರಿಂಗೂ ಟೈ ರಾಡ್ ಎಂಡೂ ಮೊದಲು ಬದಲಿಸಿ, ಒಂದು ವಾರ ಸಾದಾ ಸ್ಟೀರಿಂಗಿನಲ್ಲೇ ಓಡಿಸಿದ್ದರೆ ಪವರ್ ಬೇಕೇ ಅಂತ ಇನ್ನೊಮ್ಮೆ ಯೋಚಿಸುತ್ತಿದ್ದೆನೋ ಏನೋ. ಖಾಲಿ ಗಾಡಿ ಓಡಿಸುವವರು, ತೆಳು ಟಯರಿನವರು ದಯವಿಟ್ಟು ಹಾಗೆ ಮಾಡಿ ನೋಡಿ. ಸವೆದ ಮುಂಭಾಗಕ್ಕೆ ಪವರ್ ಹಾಕಿದರೆ ಸವೆತ ಹೋಗಲ್ಲ, ನಿಮ್ಮ ಕೈಗೆ ಗೊತ್ತಾಗೋದು ಹೋಗುತ್ತೆ.

ಹಾಕಿಸುವವರಿಗೆ ಇನ್ನೆರಡು ಮಾತು. ಎಣ್ಣೆ ತುಂಬಿದ ಮೇಲೆ ಎಂಜಿನ್ ಚಾಲೂ ಮಾಡಬೇಡಿ. ಮುಂದಿನ ಚಕ್ರ ಎತ್ತಿ, ಕೈಯಲ್ಲೇ ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿ, ಗಾಳಿ ಗುಳುಗುಳು ಅಂತ ಎಣ್ಣೆ ಡಬ್ಬಿಗೆ ಬರುತ್ತೆ. ಗುಳ್ಳೆ ನಿಂತ ಮೇಲೆ ಚಾಲೂ ಮಾಡಿ. ಅವಸರ ಮಾಡಿದರೆ ಎಣ್ಣೆ ನೊರೆ ಎದ್ದು ಪಂಪು ನರಳುತ್ತೆ. ಇನ್ನೊಂದು, ಚಕ್ರ ನೇರ ಇರುವಾಗ ಬಾಕ್ಸೂ ಸರಿಯಾಗಿ ನಡುವಿನಲ್ಲಿರಬೇಕು. ಸುತ್ತು ಎಣಿಸಿ ನಡು ಹುಡುಕಿ, ಆಮೇಲೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ. ನಕಲಿನ ಸ್ಟಾಪ್ ಬೋಲ್ಟ್ ಬಾಕ್ಸಿನ ಕೊನೆಗಿಂತ ಸ್ವಲ್ಪ ಮೊದಲೇ ತಗಲೋ ಹಾಗಿರಲಿ, ಇಲ್ಲದಿದ್ದರೆ ಪೆಟ್ಟು ಬಾಕ್ಸಿನ ಒಳಗೆ ಬೀಳುತ್ತೆ.

ಚಿಕ್ಕಪ್ಪ ಒಂದು ದಿನ ಪಕ್ಕದಲ್ಲಿ ಕೂತು ಬಂದರು. ಐದನೇ ಗೇರ್ ಹಾಕಿದಾಗ ಏನೂ ಅನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಎಂಜಿನ್ ಆಫ್ ಆಯ್ತೇನೋ?" ಅಂತ ಕೇಳಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ವಾಪಸ್ ಬಂದು ಗಾಡಿ ನಿಲ್ಲಿಸಿದ ಮೇಲೆ, "ಕೀ ಕೊಡು, ಆ ಸ್ಟೀರಿಂಗ್ ಒಂದ್ಸಲ ತಿರುಗಿಸಿ ನೋಡ್ತೀನಿ" ಅಂತ ನನ್ನ ಸೀಟಿಗೆ ಬಂದರು.

ಒಂದು ವರ್ಷದಲ್ಲಿ ಸುಮಾರು 9,000 ಕಿಲೋಮೀಟರ್ ಆಯಿತು. ಗೇರ್‌ಬಾಕ್ಸಿನಿಂದ ಒಂದು ಹನಿ ಎಣ್ಣೆ ಬಿದ್ದಿಲ್ಲ. ಪಂಪಿನ ವಾಪಸ್ ಹೋಸಿನ ಕ್ಲಿಪ್ಪಿನ ಹತ್ತಿರ ಸ್ವಲ್ಪ ಜಿನುಗು ಇದೆ, ಕ್ಲಿಪ್ ಬದಲಿಸಬೇಕು. ಮೊದಲ 500 ಕಿಲೋಮೀಟರ್ ಆದ ಮೇಲೆ ಬಾಕ್ಸಿನ ನಾಲ್ಕು ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿದ್ದೆ, ಅವುಗಳಲ್ಲಿ ಎರಡು ಬೋಲ್ಟು ತಲಾ ಕಾಲು ಸುತ್ತಿನಷ್ಟು ಸಡಿಲ ಆಗಿದ್ದವು. ಬಿಗಿದು, ಬೋಲ್ಟಿನ ತಲೆಯಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದಿದ್ದೇನೆ. ಪ್ರತಿ ಸಲ ಆಯಿಲ್ ನೋಡುವಾಗ ಆ ಗೆರೆಗಳನ್ನೂ ನೋಡುತ್ತೇನೆ. ಇಲ್ಲಿಯವರೆಗೆ ನಾಲ್ಕೂ ಸೀದಾ ಇವೆ.